ಆರೂವರೆ ಡಿಗ್ರಿ ಇಳಿಜಾರು

ಚೆಂಡು ತಡವಾಗಿ ಇಳಿಯುತ್ತಿತ್ತು. ಎಷ್ಟು ತಡ ಎಂದು ಕೇಳಿದ್ದರೆ ಬಿದ್ದಯ್ಯನಿಗೆ ಹೇಳಲು ಬರುತ್ತಿರಲಿಲ್ಲ, ಕಣ್ಣು ಮಿಟುಕಿಸುವಷ್ಟೂ ಇರಲಿಕ್ಕಿಲ್ಲ. ಆದರೆ ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ನಿಂತು ಚೆಂಡಿಗಾಗಿ ಕಾಯುವಷ್ಟು ಪುರುಸೊತ್ತು ಈಗ ಇತ್ತು, ಮೊದಲು ಇರಲಿಲ್ಲ. ಗೆದ್ದದ್ದಕ್ಕೆ ಸಿಟ್ಟು ಬಂದ ಮನುಷ್ಯನನ್ನು ಯಾರಿಗಾದರೂ ನೋಡಬೇಕಿದ್ದರೆ ಫೆಬ್ರುವರಿಯ ಆ ಶನಿವಾರ ಬೆಳಿಗ್ಗೆ ದೆಹಲಿಯ ಪೀತಮ್‌ಪುರದ ಆ ಮೂರನೇ ಮಹಡಿಯ ಫ್ಲ್ಯಾಟಿಗೆ ಬರಬೇಕಿತ್ತು. ಹಿಂದಿನ ಕೋಣೆಯಲ್ಲಿ, ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆ ಮತ್ತು ಹಳೆಯ ಮಿಲಿಟರಿ ಟ್ರಂಕುಗಳ ನಡುವೆ, ಸೊಂಟದೆತ್ತರದ ಪ್ಲೈವುಡ್ ಪೆಟ್ಟಿಗೆಯ ಮುಂದೆ ನಿವೃತ್ತ ಮೇಜರ್ ಬಿದ್ದಯ್ಯ ಕಾಲಗಲಿಸಿ ನಿಂತಿದ್ದ. ಪೆಟ್ಟಿಗೆಯ ಮೇಲಿನ ಗಾಜಿನ ಕೆಳಗೆ ಎಲ್‌ಸಿಡಿ ಟೀವಿಯೊಂದನ್ನು ಅಂಗಾತ ಮಲಗಿಸಿದ್ದರು. ಅದರೊಳಗೆ ಸರ್ಕಸ್ಸಿನ ಡೇರೆ, ಆನೆಗಳು, ಮುಟ್ಟಿದರೆ ಗಂಟೆ ಬಾರಿಸುವ ಬಣ್ಣದ ಗೂಟಗಳು, ಅವುಗಳ ನಡುವೆ ಉರುಳುವ ಉಕ್ಕಿನ ಚೆಂಡು; ಉಕ್ಕಿನದೂ ಅಲ್ಲ, ಉಕ್ಕಿನ ಚಿತ್ರ. ಪೆಟ್ಟಿಗೆಯ ಎಡಗಡೆ ಒಂದು ಗುಂಡಿ, ಬಲಗಡೆ ಒಂದು. ಒತ್ತಿದರೆ ಟೀವಿಯೊಳಗೆ ಆಯಾ ಕಡೆಯ ಫ್ಲಿಪ್ಪರ್ ಎಂಬ ಪುಟ್ಟ ರೆಕ್ಕೆ ಎದ್ದು ಚೆಂಡನ್ನು ಮೇಲಕ್ಕೆ ಒದೆಯುತ್ತದೆ. ಎರಡು ರೆಕ್ಕೆಗಳ ನಡುವೆ ಚೆಂಡು ಜಾರಿಹೋದರೆ ಆ ಚೆಂಡಿನ ಕತೆ ಮುಗಿಯಿತು. ಈ ಬೆಳಿಗ್ಗೆ ಅದು ಜಾರಿಹೋಗಲೇ ಇಲ್ಲ. ಆನೆಗಳು ಮತ್ತೆ ಮತ್ತೆ ಸೊಂಡಿಲೆತ್ತಿ ಸಲಾಮು ಹೊಡೆದವು. ತಲೆಯ ಕಡೆ ನಿಲ್ಲಿಸಿದ ಇನ್ನೊಂದು ಪರದೆಯಲ್ಲಿ ಅವನು ಜನ್ಮದಲ್ಲಿ ಕಾಣದ ಅಂಕ ಮೂಡಿ ಕುಣಿಯಿತು. ಬಿದ್ದಯ್ಯ ಅದನ್ನು ಅವಮಾನದ ಹಾಗೆ ನೋಡಿದ.

ಆ ಪೆಟ್ಟಿಗೆಯ ಮರವೆಲ್ಲ ಅವನದು, ಒಳಗಿನ ಲೆಕ್ಕವೆಲ್ಲ ಮಗ ಸಾಕೇತನದು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ತಪ್ಪು ಹುಡುಕುತ್ತಿದ್ದ ಅಪ್ಪನಿಗೆ ಒಂದು ಕೆಲಸ ಕೊಡೋಣವೆಂದು ಸಾಕೇತನಿಗೇ ಇದು ಹೊಳೆದದ್ದು. ಕೀರ್ತಿ ನಗರದಿಂದ ಪ್ಲೈವುಡ್ ಬಂತು, ಲಾಜ್‌ಪತ್ ರಾಯ್ ಮಾರುಕಟ್ಟೆಯಿಂದ ಸ್ವಿಚ್ಚು, ನೆಹರೂ ಪ್ಲೇಸಿನಿಂದ ಹಳೆಯ ಕಂಪ್ಯೂಟರು. ಚೆಂಡನ್ನು ಮೊದಲು ಚಿಮ್ಮಿಸುವ ಹಿಡಿಗೆ ಬಿದ್ದಯ್ಯ ಸ್ಕೂಟರಿನ ಸ್ಪ್ರಿಂಗು ಹಾಕಿದ. ಸೈನ್ಯದ ಯಂತ್ರೋಪಕರಣ ವಿಭಾಗದಲ್ಲಿ ಟ್ಯಾಂಕು ಬಿಚ್ಚಿ ಜೋಡಿಸಿದವನಿಗೆ ಇದು ಎಷ್ಟರದು. ಸಿಕಂದರಾಬಾದಿನ ಆಫೀಸರ್ಸ್ ಮೆಸ್ಸಿನಲ್ಲಿ ಅವನು ಕ್ಯಾಪ್ಟನ್ ಆಗಿದ್ದಾಗ ಇಂಥದೇ ಒಂದು ನಿಜವಾದ ಪಿನ್‌ಬಾಲ್ ಯಂತ್ರ ಇತ್ತು, ಇದೇ ಸರ್ಕಸ್ಸಿನದು. ಯಾರೋ ಹಡಗಿನಲ್ಲಿ ತರಿಸಿ ಬಿಟ್ಟುಹೋದದ್ದು. ಕೆಟ್ಟಾಗಲೆಲ್ಲ ಅದರ ಹೊಟ್ಟೆ ತೆರೆದು ಸರಿಮಾಡುತ್ತಿದ್ದವನು ಬಿದ್ದಯ್ಯ. ಆನೆ ಎಲ್ಲಿತ್ತು ಅಪ್ಪ, ಡೇರೆಯ ಬಾಗಿಲು ಎಷ್ಟು ಅಗಲ, ಎಡಗಡೆಯ ಗೋಡೆಗೆ ಬಡಿದರೆ ಚೆಂಡು ಎತ್ತ ಹೋಗುತ್ತಿತ್ತು ಎಂದು ಸಾಕೇತ್ ಕೇಳುತ್ತ ಕೇಳುತ್ತ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಬರೆದ. ಬೇರೆಲ್ಲ ವಿಷಯದಲ್ಲೂ ಅಪ್ಪನ ಮಾತಿಗೆ ಹೂಂಗುಟ್ಟಿ ಎದ್ದುಹೋಗುತ್ತಿದ್ದ ಮಗ ಇದೊಂದರಲ್ಲಿ ಅಪ್ಪನ ಬಾಯಿ ನೋಡುತ್ತ ಕೂತಿದ್ದ. ಇಳಿಜಾರು ಎಷ್ಟಿತ್ತು ಎಂದು ಕೇಳಿದಾಗ ಬಿದ್ದಯ್ಯ ತಡವರಿಸದೆ ಹೇಳಿದ: ಆರೂವರೆ ಡಿಗ್ರಿ. ಕಾಲಿನ ಬೋಲ್ಟು ತಿರುಗಿಸಿ ಅವನೇ ಇಟ್ಟ ಇಳಿಜಾರು ಅದು. ಬ್ರಿಗೇಡಿಯರರ ಹೆಂಡತಿ ಆಡಲು ಬರುವ ಸಂಜೆಗಳಲ್ಲಿ ಮಾತ್ರ ಹಿಂದಿನ ಕಾಲುಗಳನ್ನು ಸ್ವಲ್ಪ ತಗ್ಗಿಸುತ್ತಿದ್ದ. ಚೆಂಡು ಮೆಲ್ಲಗೆ ಬರುತ್ತಿತ್ತು, ಆಕೆ ಗೆದ್ದು ಚಪ್ಪಾಳೆ ಹೊಡೆದುಕೊಳ್ಳುತ್ತಿದ್ದಳು, ಎಲ್ಲರೂ ‘ವೆಲ್ ಪ್ಲೇಡ್ ಮೇಡಂ’ ಎನ್ನುತ್ತಿದ್ದರು, ಆಕೆಯ ಕಾರು ಗೇಟು ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗೆ ಬಿದ್ದಯ್ಯನಿಗೆ ಚೆನ್ನಾಗಿ ನೆನಪಿತ್ತು, ಶುರುಮಾಡುತ್ತಿದ್ದವನು ಅವನೇ. ಈಗ ಈ ಮನೆಯಲ್ಲಿ ತಾನು ಕೋಣೆಯಿಂದ ಹೊರಗೆ ಹೋದ ಮೇಲೆ ಯಾರು ಶುರುಮಾಡುತ್ತಾರೆ?

ಯಾಕೆಂದರೆ ಅವನ ಎಡಗೈ ನಡುಗುತ್ತಿತ್ತು. ಮಳೆಗಾಲದಲ್ಲಿ ಶುರುವಾದದ್ದು. ಮೊದಲು ಹೆಬ್ಬೆರಳು, ಬೀಡಿ ಹೊಸೆಯುವವನ ಹಾಗೆ ಸುಮ್ಮನೆ ತೋರುಬೆರಳನ್ನು ಉಜ್ಜುತ್ತಿತ್ತು. ದೀಪಾವಳಿಯ ಹೊತ್ತಿಗೆ ಇಡೀ ಅಂಗೈ. ಕೆಲಸಕ್ಕೆ ಹಚ್ಚಿದರೆ ಬಹುಮಟ್ಟಿಗೆ ಸುಮ್ಮನಿರುತ್ತದೆ, ಬಿಡುವಾಗಿ ಇಟ್ಟರೆ ಹೊರಡುತ್ತದೆ, ಸೋಮಾರಿ ಜವಾನನ ತದ್ವಿರುದ್ಧ. ಅದಕ್ಕೇ ಬಿದ್ದಯ್ಯ ಅದನ್ನು ಬಿಡುವಾಗಿ ಇಡುತ್ತಿರಲಿಲ್ಲ. ಪ್ಯಾಂಟಿನ ಜೇಬಿನಲ್ಲಿ, ಪೇಪರಿನ ಕೆಳಗೆ, ಬಲಗೈಯ ಹಿಡಿತದಲ್ಲಿ, ಎಲ್ಲಿಯಾದರೂ ಸೆರೆಯಲ್ಲಿ. ಆರ್ಮಿ ಕ್ಯಾಂಟೀನಿನ ಸಾಲಿನಲ್ಲಿ ಒಂದು ದಿನ ಅವನು ತನ್ನ ಹಳೆಯ ಕಮಾಂಡಿಂಗ್ ಆಫೀಸರನ್ನು ಕಂಡಿದ್ದ. ಹೆಂಡತಿ ಬಗ್ಗಿ ಅವರ ಸ್ವೆಟರಿನ ಗುಂಡಿ ಹಾಕುತ್ತಿದ್ದಳು, ಅವರು ಮಗುವಿನ ಹಾಗೆ ಗದ್ದ ಎತ್ತಿಕೊಂಡು ನಿಂತಿದ್ದರು. ಬಿದ್ದಯ್ಯ ನಮಸ್ಕಾರ ಹೇಳದೆ ಸಾಲು ಬಿಟ್ಟು ಬಂದಿದ್ದ. ಕೈ ನಡುಗುವುದು ಅವನಿಗೆ ಅಷ್ಟು ದೊಡ್ಡ ವಿಷಯವಲ್ಲ. ಅದು ಈ ಮನೆಯವರಿಗೆ ತಿಳಿಯುವುದು, ತಿಳಿದೂ ತಿಳಿಯದವರಂತೆ ಅವರು ಅವನ ಸುತ್ತ ಮೆತ್ತಗೆ ನಡೆಯುವುದು, ಅವನನ್ನು ಗೆಲ್ಲಿಸುವುದು, ಇದನ್ನು ಅವನು ಸಹಿಸಲಾರ. ಒಟ್ಟಿನಲ್ಲಿ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಸ್ಥಿತಿ. ಯಾರೂ ಏನೂ ಅನ್ನದೆಯೇ ಬಿದ್ದಯ್ಯ ಆರು ತಿಂಗಳಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಹೋದ ವಾರ ಅವನು ಮೊದಲು ಸಂಶಯಪಟ್ಟದ್ದು ಕೆಲಸದವಳನ್ನು. ನೆಲ ಒರೆಸುವಾಗ ಪೆಟ್ಟಿಗೆಯ ಕಾಲು ಸರಿಸಿದ್ದಾಳೆ, ಇಳಿಜಾರು ಕೆಟ್ಟಿದೆ ಎಂದು ಅವಳ ಮೇಲೆ ಹಾರಾಡಿ ಅಳಿಸಿದ. ಆಮೇಲೆ ಟ್ರಂಕಿನಿಂದ ರಸಮಟ್ಟ ತೆಗೆದು ಗಾಜಿನ ಮೇಲಿಟ್ಟು, ಮೊಣಕಾಲೂರಿ ಸ್ಪ್ಯಾನರಿನಿಂದ ಹಿಂದಿನ ಕಾಲುಗಳನ್ನು ಏರಿಸಿದ. ಗಾಜಿನ ಕೊಳವೆಯ ಗುಳ್ಳೆ ಮೇಲಕ್ಕೆ ಹೋಯಿತು. ಎದ್ದು ಆಡಿದ, ಚೆಂಡು ಹಾಗೇ ನಿಧಾನ. ಮತ್ತೆ ಏರಿಸಿದ. ಪೆಟ್ಟಿಗೆ ಮುಗ್ಗರಿಸುವ ಎಮ್ಮೆಯ ಹಾಗೆ ಮುಂದಕ್ಕೆ ವಾಲಿತು, ಚೆಂಡಿಗೆ ಮಾತ್ರ ಯಾವ ಗಡಿಬಿಡಿಯೂ ಇಲ್ಲ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ದಿಶಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಾತ, ಏನ್ ಮಾಡ್ತಿದ್ದೀರ? ಕಾಲ್ ಎತ್ತಿದ್ರೆ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತೆ? ಅದರ ಸ್ಲೋಪ್ ಅಂದರ್ ಹೈ, ಸಾಫ್ಟ್‌ವೇರ್‌ನಲ್ಲಿ," ಎಂದು ನಗಲು ಶುರುಮಾಡಿದವಳು ಅವನ ಕಡೆ ನೋಡಿ ತಟ್ಟನೆ ನಗು ನುಂಗಿ ಹೊರಟುಹೋದಳು. ಜೀವಮಾನವೆಲ್ಲ ಕಬ್ಬಿಣವನ್ನು ನಂಬಿದವನಿಗೆ ಅದು ಹೊಳೆದಿರಲೇ ಇಲ್ಲ. ಇಳಿಜಾರು ಎಂದರೆ ನೆಲಕ್ಕೂ ಕಾಲಿಗೂ ಸಂಬಂಧಪಟ್ಟದ್ದೆಂದು ತಿಳಿದಿದ್ದ. ಇದು ಮಗ ಕೀಬೋರ್ಡಿನಲ್ಲಿ ಒತ್ತುವ ಒಂದು ಅಂಕಿ. ಹಾಗಾದರೆ ಅಂಕಿ ಯಾರು ಬದಲಾಯಿಸಿದರು? ಕೆಲಸದವಳಲ್ಲ. ಇನ್ನು, ದಿಶಾ ನಗು ನುಂಗಿದ್ದು ಯಾಕೆ? ಅವಳು ನೋಡಿದ್ದು ಅವನ ಮುಖವನ್ನೋ, ಸ್ಪ್ಯಾನರ್ ಹಿಡಿಯದೆ ಬಿಡುವಾಗಿದ್ದ ಎಡಗೈಯನ್ನೋ? ಬಿದ್ದಯ್ಯ ಆ ದಿನ ರಸಮಟ್ಟವನ್ನು ಟ್ರಂಕಿಗೆ ಹಾಕಿ ಬೀಗ ಜಡಿದ, ತಪ್ಪು ಅದರದೇ ಎಂಬ ಹಾಗೆ.

ಈ ಶನಿವಾರ ಅಂಕಿ ಇನ್ನೂ ಕೆಳಗಿಳಿದಿದೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ತಿಂಡಿಗೆ ಕೂತಾಗ ಸಾಕೇತ್ ಮೊಬೈಲಿನಲ್ಲಿ ಮುಳುಗಿದ್ದ. ಸೊಸೆ ಮೋನಿಷಾ ತವೆಯ ಮುಂದೆ ಅಕ್ಕಿ ಒಟ್ಟಿ, ಕೊಡಗಿನ ರೊಟ್ಟಿ, ಬೇಯಿಸುತ್ತಿದ್ದಳು. ಬಿದ್ದಯ್ಯ ಒಂದು ಚೂರು ಒಟ್ಟಿ ಮುರಿದು, ಕೋರ್ಟ್ ಮಾರ್ಷಲ್ಲಿನಲ್ಲಿ ಕೇಳುವ ಹಾಗೆ, ಯಾವ ಆಸಕ್ತಿಯೂ ಇಲ್ಲದ ದನಿಯಲ್ಲಿ ಕೇಳಿದ.

"ಸಾಕೇತ್, ಆ ಟೇಬಲ್ಲಿನ ಸ್ಲೋಪ್ ಏನಾದ್ರೂ ಚೇಂಜ್ ಮಾಡಿದ್ಯಾ?"

ಸಾಕೇತ್ ತಲೆ ಎತ್ತಿದ. ಮೊದಲು ಅಪ್ಪನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅಷ್ಟು ಸಾಕಾಯಿತು ಬಿದ್ದಯ್ಯನಿಗೆ.

"ಇಲ್ಲಪ್ಪ, ನಾನ್ಯಾಕೆ ಮುಟ್ಟಲಿ? ಕಂಪ್ಯೂಟರ್ ಹಳೇದಲ್ವಾ, ಸ್ಲೋ ಆಗಿರ್ಬೇಕು. ರ‍್ಯಾಮ್ ಹಾಕ್ಬೇಕು ಅದಕ್ಕೆ."

"ಮಾವ, ಇನ್ನೊಂದು ಒಟ್ಟಿ ಹಾಕ್ಲಾ?" ಎಂದಳು ಮೋನಿಷಾ, ಅವನ ತಟ್ಟೆಯಲ್ಲಿ ಮೊದಲನೆಯದು ಇನ್ನೂ ಅರ್ಧ ಇರುವಾಗಲೇ.

ಅಷ್ಟರಲ್ಲಿ ಬಿದ್ದಯ್ಯನ ಹೆಂಡತಿ ದೇವಮ್ಮ ಕಾಫಿ ತಂದಳು. ಅರ್ಧ ಲೋಟ. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ಅವನ ಕಡೆಗೆ ಜಾರಿಸಿದಳು. ಎಷ್ಟು ದಿನದಿಂದ ಹೀಗೆ ಅರ್ಧ ಲೋಟ? ಹೊಸ ವರ್ಷದಿಂದಲೇ ಇರಬೇಕು. ತುಂಬಿದರೆ ತುಳುಕಿಸಿಕೊಂಡಾನು ಎಂದು. ಕೈಗೆ ಕೊಟ್ಟರೆ ಬೀಳಿಸಿಯಾನು ಎಂದು. "ಕಾಫಿಪುಡಿ ತುಟ್ಟಿಯಾಗಿದ್ಯಾ?" ಎಂದು ಗುಡುಗಿದ. ದೇವಮ್ಮ ಏನೂ ಹೇಳದೆ ಸೆರಗಿನೊಳಗೆ ಕೈ ಸುತ್ತಿಕೊಂಡು ಅಡುಗೆಮನೆಗೆ ನಡೆದಳು. ಮದುವೆಯಾಗಿ ಬಂದಾಗಿನಿಂದ ಅವಳ ಉತ್ತರ ಇದೇ: ಏನೂ ಹೇಳದೆ ನಡೆಯುವುದು. ಅದನ್ನು ಅವನು ಒಪ್ಪಿಗೆ ಎಂದೇ ತಿಳಿದುಕೊಂಡು ಬಂದಿದ್ದ, ಈಗ ಅದರಲ್ಲೂ ಏನೋ ಬಚ್ಚಿಟ್ಟ ಹಾಗೆ ಕಂಡಿತು. ಅನುಮಾನ ಹುಟ್ಟಿದ ಮನೆಯಲ್ಲಿ ಉಪ್ಪಿನ ಡಬ್ಬಿಯೂ ಕಣ್ಣು ಹೊಡೆಯುತ್ತದೆ. ಶೇವಿಂಗ್ ಬ್ಲೇಡಿನ ಜಾಗದಲ್ಲಿ ಹುಟ್ಟುಹಬ್ಬಕ್ಕೆಂದು ಎಲೆಕ್ಟ್ರಿಕ್ ಯಂತ್ರ ಬಂದದ್ದು. ತಾನು ಕೋಣೆಗೆ ಕಾಲಿಟ್ಟರೆ ಟೀವಿಯ ದನಿ ತಗ್ಗುವುದು. ಊಟಕ್ಕೆ ಕೂತಾಗ ಎಲ್ಲರೂ ತಟ್ಟೆ ನೋಡುತ್ತ ಬೇಗ ಬೇಗ ತಿಂದು ಏಳುವುದು. ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದರೆ ಪ್ರತಿಯೊಂದರ ಕೆಳಗೂ ಅವನ ಎಡಗೈ ಇತ್ತು. ಅಲ್ಲದೆ ಫೋನು. ಹದಿನೈದು ದಿನದ ಕೆಳಗೆ ಮೋನಿಷಾ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತು ಮೆಲುದನಿಯಲ್ಲಿ ಹೇಳುತ್ತಿದ್ದಳು, "ನಹೀಂ ಡಾಕ್ಟರ್ ಸಾಬ್, ಪಾಪಾಜೀ ಕೋ ಅಭೀ ನಹೀಂ ಬತಾಯಾ." ಮಾವನಿಗೆ ಇನ್ನೂ ಹೇಳಿಲ್ಲ. ಏನನ್ನು ಹೇಳಿಲ್ಲ? ಅತ್ತೆ ಸೊಸೆ ಇಬ್ಬರೂ ಕಮಲಾ ನಗರದ ಮಾರುಕಟ್ಟೆಗೆಂದು ಹೋಗಿ ಬರಿಗೈಯಲ್ಲಿ ಬಂದ ದಿನಗಳಿದ್ದವು. ಇವನ ಬಗ್ಗೆ ಡಾಕ್ಟರರ ಮುಂದೆ ಕೂತು ಮಾತಾಡಿ ಬಂದರೋ ಏನೋ. ಹೀಗೆ ನಡುಗುತ್ತೆ, ಹೀಗೆ ಜೇಬಿನಲ್ಲಿ ಇಟ್ಟುಕೊಳ್ತಾರೆ, ನಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ಆ ‘ಪಾಪ’ವನ್ನು ನೆನೆದೇ ಅವನ ಕಿವಿ ಬಿಸಿಯಾಯಿತು.

ಕೈಲ್ ಮುಹೂರ್ತದ ದಿನವೂ ಹಾಗೇ ಆಯಿತಲ್ಲ. ಸೆಪ್ಟೆಂಬರಿನಲ್ಲಿ ದೆಹಲಿಯ ಕೊಡವರೆಲ್ಲ ಸೇರಿ ಹಬ್ಬ ಮಾಡಿದ್ದರು. ಊರಿನಲ್ಲಾದರೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುತ್ತಾರೆ, ಇಲ್ಲಿ ಬಾಡಿಗೆಗೆ ಹಿಡಿದ ಮೈದಾನದಲ್ಲಿ ಬಿದಿರಿಗೆ ಕಟ್ಟಿ ಏರ್‌ಗನ್ನಿನಿಂದ. ಪ್ರತಿ ವರ್ಷ ಮೊದಲ ಗುಂಡು ಬಿದ್ದಯ್ಯನದು. ಈ ಸಲ ಕೋವಿ ಎತ್ತಿ ಎಡ ಅಂಗೈ ಮೇಲೆ ಕೂರಿಸಿದಾಗ ನಳಿಗೆಯ ತುದಿ ತೆಂಗಿನಕಾಯಿಯ ಸುತ್ತ ನೊಣದ ಹಾಗೆ ಸುತ್ತತೊಡಗಿತು. ಭುಜ ಹಿಡ್ಕೊಂಡಿದೆ ಎಂದು ಕೋವಿಯನ್ನು ಕೇಶವಮೂರ್ತಿಯ ಕೈಗೆ ಕೊಟ್ಟುಬಿಟ್ಟ. ಕೇಶವಮೂರ್ತಿ ಮೈಸೂರಿನವನು, ಅಕೌಂಟ್ಸ್ ಇಲಾಖೆಯವನು, ಹಬ್ಬದ ಹಂದಿಮಾಂಸವನ್ನು ದೂರದಿಂದ ನೋಡಿ ಕೈಮುಗಿಯಲು ಬಂದಿದ್ದ ಅತಿಥಿ. ಅವನ ಕೈಗೆ ಯಾಕೆ ಕೊಟ್ಟೆ ಎಂದು ಬಿದ್ದಯ್ಯನಿಗೇ ಗೊತ್ತಾಗಲಿಲ್ಲ. ಎಲ್ಲರೂ ನಕ್ಕರು. ಆದರೆ ಒಬ್ಬನಾದರೂ ‘ಬನ್ನಿ ಮೇಜರ್, ಒಂದು ಗುಂಡು’ ಎಂದು ಬಲವಂತ ಮಾಡಬೇಡವೇ? ಯಾರೂ ಮಾಡಲಿಲ್ಲ. ಅವತ್ತು ಅದನ್ನು ಸೌಜನ್ಯ ಎಂದುಕೊಂಡ, ಈಗ ಆ ಸೌಜನ್ಯದ ಮೇಲೂ ಅನುಮಾನ ಹುಟ್ಟಿತು.

ಶತ್ರು ಕಂದಕದಲ್ಲಿ ಅಡಗಿದ್ದರೆ ಅವನನ್ನು ಹೊರಗೆ ತರುವ ದಾರಿ ನೀನು ಹಿಂದೆ ಸರಿಯುವುದು. ತಿಂಡಿಯ ತಟ್ಟೆ ಎತ್ತುವ ಹೊತ್ತಿಗೆ ಬಿದ್ದಯ್ಯ ಘೋಷಿಸಿದ, "ನಾನು ಲಾಜ್‌ಪತ್ ರಾಯ್ ಮಾರ್ಕೆಟ್ಟಿಗೆ ಹೋಗ್ತೀನಿ. ಎಡಗಡೆ ಸ್ವಿಚ್ ಕೆಟ್ಟಿದೆ. ಬರೋದು ಸಂಜೆಯಾಗುತ್ತೆ."

"ಊಟಕ್ಕೂ ಬರಲ್ವಾ?" ಎಂದಳು ದೇವಮ್ಮ ಅಡುಗೆಮನೆಯಿಂದ. ಆ ದನಿಯಲ್ಲಿ ಒಂದು ಹಗುರತನ ಇತ್ತು. ಬಿದ್ದಯ್ಯ ಕಿವುಡನಲ್ಲ.

"ಚಲೋ, ಆರಾಮಾಗಿ ಹೋಗಿಬನ್ನಿ ಮಾವ. ಮಫ್ಲರ್ ಹಾಕ್ಕೊಳ್ಳಿ," ಎಂದಳು ಮೋನಿಷಾ.

ಹೊರಗೆ ಒಳ್ಳೆಯ ಬಿಸಿಲು ಬಿದ್ದಿತ್ತು, ದೆಹಲಿಯ ಚಳಿಗಾಲ ಹೋಗುವ ಮುಂಚೆ ಕೊಡುವ ಬಿಸಿಲು. ಪಾರ್ಕಿನಲ್ಲಿ ಹೆಂಗಸರು ಚಾಪೆ ಹಾಸಿ ಕೂತು ಬಟಾಣಿ ಸುಲಿಯುತ್ತಿದ್ದರು. ಗೇಟಿನ ಗಾರ್ಡ್ ಎದ್ದು ಸೆಲ್ಯೂಟ್ ಹೊಡೆದ. ಬಿದ್ದಯ್ಯ ಬಲಗೈಯಿಂದ ಮರಳಿಸಿದ, ಎಡಗೈ ಜೇಬಿನಲ್ಲಿ. ಮೆಟ್ರೋ ನಿಲ್ದಾಣದಲ್ಲಿ ಟೋಕನ್ ಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ. ಒಂದು ರೈಲು ಬಂತು, ಹೋಯಿತು. ಅವರಿಗೆ ಎಷ್ಟು ಹೊತ್ತು ಕೊಡಬೇಕು? ಸಾಕೇತ್ ಈಗ ಕೋಣೆಗೆ ಹೋಗಿರುತ್ತಾನೆ. ಕೀಬೋರ್ಡ್ ಎಳೆದು ಅಂಕಿಯನ್ನು ಇನ್ನಷ್ಟು ಇಳಿಸುತ್ತಿರುತ್ತಾನೆ. ಇವತ್ತು ಕೇಳಿಬಿಟ್ಟರು, ಸ್ವಲ್ಪ ಸ್ವಲ್ಪವೇ ಇಳಿಸಬೇಕಿತ್ತು ಎಂದು ಹೆಂಡತಿಗೆ ಹೇಳುತ್ತಿರುತ್ತಾನೆ. ಈ ಸಾಕೇತನಿಗೆ ಚಿಕ್ಕಂದಿನಲ್ಲಿ ಅಂಬಾಲಾದ ಕ್ವಾರ್ಟರ್ಸಿನಲ್ಲಿ ಅವನು ಕೇರಂ ಕಲಿಸಿದ್ದ. ಒಂದು ಸಲವೂ ಬೇಕೆಂದು ಸೋತುಕೊಟ್ಟಿರಲಿಲ್ಲ. ಹುಡುಗ ಅಳುತ್ತಿದ್ದರೆ, ಅತ್ತರೆ ಸ್ಟ್ರೈಕರ್ ನೆಟ್ಟಗೆ ಹೋಗುತ್ತೇನೋ ಎನ್ನುತ್ತಿದ್ದ. ಒಂದು ದಿನ ಹತ್ತನೇ ಕ್ಲಾಸಿನಲ್ಲಿ ಮಗ ಅವನನ್ನು ಸೋಲಿಸಿದ. ಸೋಲಿಸಿ ನಗಲಿಲ್ಲ, ಕೇರಂ ಕಾಯಿಗಳನ್ನು ಡಬ್ಬಿಗೆ ತುಂಬಿ ಇಟ್ಟು ಹೋದ, ಮತ್ತೆ ಅಪ್ಪನ ಜೊತೆ ಆಡಲೇ ಇಲ್ಲ. ಅಂಥವನು ಈಗ ಸೋತುಕೊಡುತ್ತಿದ್ದಾನೆ.

"ಅಂಕಲ್‌ಜೀ, ಠಂಡ್ ಲಗ್ ರಹೀ ಹೈ ಕ್ಯಾ?"

ಪಕ್ಕದಲ್ಲಿ ಕೂತ ಪಂಜಾಬಿ ಹೆಂಗಸು, ಮಡಿಲಲ್ಲಿ ಮೂಲಂಗಿಯ ಚೀಲ. ಟೋಕನ್ ಹಿಡಿಯಲು ಯಾವಾಗಲೋ ಹೊರಬಂದ ಅವನ ಎಡಗೈ ಬೆಂಚಿನ ಉಕ್ಕಿನ ಅಂಚಿಗೆ ಟಕಟಕ ಬಡಿಯುತ್ತಿತ್ತು. ಆಕೆ ತನ್ನ ಶಾಲಿನ ಒಂದು ತುದಿಯನ್ನು ಆಗಲೇ ಬಿಚ್ಚತೊಡಗಿದ್ದಳು. ಬಿದ್ದಯ್ಯ ಎದ್ದ. ಹೌದು, ಚಳಿ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮೆಟ್ಟಿಲಿಳಿದು ಬಂದ ದಾರಿಯಲ್ಲೇ ನಡೆದ.

ಸಾಕೇತನ ಕಾರು ತನ್ನ ಜಾಗದಲ್ಲಿ ಇರಲಿಲ್ಲ. ದಿಶಾಳನ್ನು ಟ್ಯೂಷನ್‌ನಿಂದ ಕರೆತರಲು ಹೋಗಿರಬೇಕು, ಶನಿವಾರ ಅದೊಂದು ಇರುತ್ತದೆ, ಬಿದ್ದಯ್ಯ ಅದನ್ನು ಮರೆತೇಬಿಟ್ಟಿದ್ದ. ಹಿಡಿಯಬೇಕಾದ ಕಳ್ಳನೇ ಮನೆಯಲ್ಲಿಲ್ಲ. ಪೆಚ್ಚಾಗಿ ಮೆಟ್ಟಿಲು ಹತ್ತಿದ. ಆದರೆ ಎರಡನೇ ಮಹಡಿಯ ತಿರುವಿನಲ್ಲೇ ಕೇಳಿಸಿತು: ಆನೆಯ ಘೀಳು, ಗಂಟೆ, ಬ್ಯಾಂಡ್ ಸೆಟ್ಟು. ಯಾರೋ ಆಡುತ್ತಿದ್ದರು. ತನ್ನ ಬೀಗದ ಕೈಯಿಂದ ಬಾಗಿಲು ತೆರೆದು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದ. ಸ್ವಂತ ಮನೆಗೆ ಕಳ್ಳನ ಹಾಗೆ ಬರುತ್ತಿದ್ದೇನೆ ಎಂದು ಅವನಿಗೆ ಅನಿಸಿತು, ಅದೂ ಅವರದೇ ತಪ್ಪು ಎಂದು ಕೂಡಲೇ ಅನಿಸಿತು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒದ್ದೆ ಬಟ್ಟೆಗಳ ಸಂದಿನಿಂದ ನೋಡಿದ.

ದೇವಮ್ಮ ಆಡುತ್ತಿದ್ದಳು. ರಿಮೋಟ್ ಹಿಡಿದರೆ ಚಾನೆಲ್ ಕೆಡಿಸುತ್ತಾಳೆ ಎಂದು ಅವನು ಎಲ್ಲರೆದುರು ಹೇಳುವ ದೇವಮ್ಮ ಕಾಲಗಲಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಪೆಟ್ಟಿಗೆಯ ಮುಂದೆ ನಿಂತಿದ್ದಳು. ಗುಂಡಿಯನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ. ಅಂಗೈಯ ಬುಡದಿಂದ ತಳ್ಳುತ್ತಿದ್ದಳು, ರೊಟ್ಟಿ ಹಿಟ್ಟು ನಾದುವ ಹಾಗೆ. ಬೆರಳುಗಳು ಗೆಣ್ಣುಗೆಣ್ಣಿಗೂ ಊದಿ, ಒಂದು ಪಕ್ಕಕ್ಕೆ ವಾಲಿ, ಶುಂಠಿಯ ಕೊಂಬಿನ ಹಾಗಾಗಿದ್ದವು. ಈ ಬೆರಳುಗಳು ಯಾವಾಗ ಹೀಗಾದವು? ದಿನಾ ಅವನ ಮುಂದೆ ತಟ್ಟೆ ಇಡುವ ಕೈ ಅದು.

"ಸಾಕು ಅತ್ತೆ, ಡಾಕ್ಟರ್ ಹೇಳಿದ್ದು ಹತ್ತೇ ನಿಮಿಷ," ಎಂದಳು ಟ್ರಂಕಿನ ಮೇಲೆ ಕೂತ ಮೋನಿಷಾ. "ಕಷ್ಟ ಆದ್ರೆ ಸ್ಲೋಪ್ ಇನ್ನೂ ಸ್ವಲ್ಪ ಕಮ್ಮಿ ಮಾಡೋಕೆ ಹೇಳ್ತೀನಿ ಸಾಕೇತ್‌ಗೆ."

"ಬೇಡಮ್ಮ. ಆಗ್ಲೇ ಇವರಿಗೆ ಡೌಟ್ ಬಂದಿದೆ, ಬೆಳಿಗ್ಗೆ ಕೇಳಲಿಲ್ವಾ? ನನ್ನ ಕೈಗೋಸ್ಕರ ಮಾಡಿದ್ದು ಅಂತ ಗೊತ್ತಾದ್ರೆ ಮುಗೀತು."

"ಎಷ್ಟು ದಿನ ಅಂತ ಹೇಳದೆ ಇರ್ತೀರ? ಒಂದು ಲೋಟ ಎತ್ತೋಕೆ ಆಗಲ್ಲ ನಿಮಗೆ."

"ಮೊಣಕಾಲು ನೋವು ಅಂದಾಗ ಏನು ಮಾಡಿದ್ರು, ನೀನೇ ನೋಡಿದ್ಯಲ್ಲ. ಕೂತು ತಿಂದ್ರೆ ಕೀಲು ಹಿಡಿಯುತ್ತೆ ಅಂತ ಕತ್ತಲಲ್ಲೇ ಎಬ್ಬಿಸಿ ಪಾರ್ಕಿನಲ್ಲಿ ಲೆಫ್ಟ್ ರೈಟ್ ಮಾಡಿಸಿದ್ರು. ಕೈ ಅಂದ್ರೆ ಇನ್ನೇನು ಮಾಡಿಸ್ತಾರೋ ಮಾರಾಯ್ತಿ, ದಂಡ ಹೊಡೆಸ್ತಾರೇನೋ!" ದೇವಮ್ಮ ನಕ್ಕಳು. ಗಂಟಲು ತೆರೆದು, ಚೆಂಡಿನ ಮೇಲಿನ ಕಣ್ಣು ತೆಗೆಯದೆ ನಕ್ಕಳು. ಅವಳು ಹೀಗೆ ನಗುತ್ತಾಳೆಂದು ಬಿದ್ದಯ್ಯ ಮರೆತಿದ್ದನೋ, ಅವನಿಗೆ ಗೊತ್ತೇ ಇರಲಿಲ್ಲವೋ.

ಅವನಿಗೆ ಮೊದಲು ಬಂದದ್ದು ನೆಮ್ಮದಿ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ, ನೆಮ್ಮದಿಯೇ ಬಂತು. ಇಳಿಜಾರು ತಗ್ಗಿಸಿದ್ದು ತನಗಾಗಿ ಅಲ್ಲ. ಡಾಕ್ಟರು, ಅರ್ಧ ಲೋಟ, ಮಾರುಕಟ್ಟೆ, ಯಾವುದೂ ತನ್ನ ಬಗ್ಗೆ ಅಲ್ಲ. ಯಾರಿಗೂ ಏನೂ ಗೊತ್ತಿಲ್ಲ! ಬಟ್ಟೆಯ ಹಿಂದೆ ನಿಂತು ಅವನು ದೊಡ್ಡದಾಗಿ ಉಸಿರು ಬಿಟ್ಟ. ಆಮೇಲೆ, ಬಾಲ ಹಿಡಿದುಕೊಂಡು ಬಂದ ಹಾಗೆ, ನಾಚಿಕೆ ಬಂತು. ಹೆಂಡತಿಯ ಬೆರಳು ಸೊಟ್ಟಗಾಗಿರುವುದನ್ನು ಕಂಡ ಗಳಿಗೆಯಲ್ಲಿ ತನ್ನ ಕೈ ಬಚಾವಾಯಿತೆಂದು ಸಂತೋಷಪಟ್ಟ ಮನುಷ್ಯ ತಾನು. ಮನೆಯವರೆಲ್ಲ ಸೇರಿ ಗುಟ್ಟು ಮಾಡುತ್ತಿದ್ದಾರೆ ಎಂದು ಹಿಡಿದ ವಾಸನೆ ಸರಿಯಾಗಿಯೇ ಇತ್ತು. ನೋವನ್ನು ಯಾರಿಂದ ಮುಚ್ಚಿಡಬೇಕು ಎಂಬ ಪಟ್ಟಿಯಲ್ಲಿ ಅವರಿಗೆ ಸಿಕ್ಕ ಒಂದೇ ಹೆಸರು ಅವನದು, ಅಷ್ಟೇ. ಅವಳೂ ಸೆರಗಿನಲ್ಲಿ ಕೈ ಬಚ್ಚಿಟ್ಟುಕೊಂಡಳು, ತಾನೂ ಜೇಬಿನಲ್ಲಿ ಬಚ್ಚಿಟ್ಟುಕೊಂಡ, ಒಂದೇ ಮೇಜಿನ ಎರಡು ಕಡೆ. ಬಿದ್ದಯ್ಯನ ಎದೆ ಯಾವುದೋ ಹಳೆಯ ಬೋಲ್ಟು ಸಡಿಲಾದ ಹಾಗೆ ಕಿರುಗುಟ್ಟಿತು. ಹೇಳಿಬಿಡಬೇಕು. ಈಗಲೇ. ಇವಳಿಗೆ ಮೊದಲು ಹೇಳಬೇಕು. ನೋಡು, ನಿನ್ನದು ಮಾತ್ರವಲ್ಲ, ನನ್ನದೂ ಹೀಗಾಗಿದೆ, ನನಗೂ ಹೆದರಿಕೆಯಾಗಿದೆ ಎನ್ನಬೇಕು. ಅಂಥ ಮಾತನ್ನು ಅವನು ಈ ತನಕ ಯಾರಿಗೂ ಹೇಳಿರಲಿಲ್ಲ, ಹೇಳುವಾಗ ಬಾಯಿ ಹೇಗೆ ಇಟ್ಟುಕೊಳ್ಳುತ್ತಾರೆಂದೂ ಗೊತ್ತಿರಲಿಲ್ಲ. ಬಟ್ಟೆ ಸರಿಸಿ ಒಳಗೆ ಕಾಲಿಟ್ಟ.

ದೇವಮ್ಮ ತಿರುಗಿದಳು. ಅವಳ ನಗು ಮುಖದಿಂದ ಎಷ್ಟು ಬೇಗ ಹೋಯಿತೆಂದರೆ ದೀಪ ಆರಿಸಿದರೂ ಅಷ್ಟು ಬೇಗ ಕತ್ತಲಾಗುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೋದವು. ಗಾಜಿನ ಕೆಳಗೆ ಚೆಂಡು ಯಾರೂ ತಡೆಯುವವರಿಲ್ಲದೆ ಉರುಳಿ ಬಿದ್ದುಹೋಯಿತು.

"ಧೂಳು ಒರೆಸ್ತಿದ್ದೆ," ಎಂದಳು.

ಆ ಸುಳ್ಳು ಅವನಿಗೆ ತಡೆಯಲಾಗಲಿಲ್ಲ. ಅವಳ ಮೇಲೆ ಸಿಟ್ಟು ಬರಲಿಲ್ಲ; ಅರವತ್ತು ದಾಟಿದ ಹೆಂಗಸು ಒಂದು ಆಟ ಆಡಿದ್ದಕ್ಕೆ ಹೊಸ ಜವಾನನ ಹಾಗೆ ಸುಳ್ಳು ಹೇಳಬೇಕಾಯಿತಲ್ಲ ಎಂದು ದುಃಖವಾಯಿತು. ಬೇರೆ ದಾರಿ ಕಾಣದೆ ಬಿದ್ದಯ್ಯ ಎಡಗೈಯನ್ನು ಜೇಬಿನಿಂದ ತೆಗೆದು ಅವಳ ಮುಖದ ಮುಂದೆ ಹಿಡಿದ. ತಡೆಯಲಿಲ್ಲ, ಬಿಗಿಯಲಿಲ್ಲ, ಮೊದಲ ಸಲ ಅದನ್ನು ಅದರ ಪಾಡಿಗೆ ಬಿಟ್ಟ. ಕೈ ನಡುಗಿತು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಅವನು ತಿಳಿದದ್ದಕ್ಕಿಂತ ಜೋರಾಗಿ.

"ಇಲ್ಲಿ ನೋಡು," ಎಂದ.

ದೇವಮ್ಮ ನೋಡಿದಳು. ಒಂದು ಹೆಜ್ಜೆ ಹಿಂದಕ್ಕೆ ಸರಿದಳು, ಬೆನ್ನು ಪೆಟ್ಟಿಗೆಗೆ ಬಡಿಯಿತು, ತಲೆ ಭುಜದೊಳಗೆ ಹೋಯಿತು. "ತಪ್ಪಾಯ್ತು. ಇನ್ನು ಮುಟ್ಟಲ್ಲ ರೀ. ಇನ್ಮೇಲೆ ಮುಟ್ಟಲ್ಲ," ಎಂದಳು.

ಯಾಕೆ ಹೀಗನ್ನುತ್ತಾಳೆ ಎಂದು ಅವನಿಗೆ ತಿಳಿಯಲಿಲ್ಲ. ಇನ್ನೂ ಚೆನ್ನಾಗಿ ಕಾಣಲಿ ಎಂದು ಕೈಯನ್ನು ಇನ್ನಷ್ಟು ಮೇಲೆತ್ತಿದ. ಆಗ ಟ್ರಂಕಿನ ಮೇಲಿಂದ ಎದ್ದ ಮೋನಿಷಾ ಇಬ್ಬರ ನಡುವೆ ಬಂದು ನಿಂತಳು. ಯಾವತ್ತೂ ಅವನ ಕಣ್ಣಿಗೆ ಕಣ್ಣಿಟ್ಟು ಮಾತಾಡದ ಹುಡುಗಿ, ಮುಖವೆಲ್ಲ ಬಿಳಿಚಿಕೊಂಡಿತ್ತು.

"ಕೈ ಇಳಿಸಿ ಮಾವ."

"ಏನು?"

"ಅತ್ತೆ ಮೇಲೆ ಕೈ ಎತ್ತಬೇಡಿ. ಮಳೆಗಾಲದಿಂದ ನೋಡ್ತಿದ್ದೀವಿ. ಊಟಕ್ಕೆ ಕೂತ್ರೆ ಕೈ ನಡುಗುತ್ತೆ, ಪೇಪರ್ ಓದಿದ್ರೆ ನಡುಗುತ್ತೆ, ದಿಶಾ ನಕ್ಕರೂ ನಡುಗುತ್ತೆ. ನೀವು ಮುಷ್ಟಿ ಬಿಗಿದು ಜೇಬಿಗೆ ಹಾಕ್ಕೊಂಡಾಗೆಲ್ಲ ಅತ್ತೆ ಆ ಕಡೆ ಕೋಣೆಗೆ ಹೋಗಿ ನಿಂತ್ಕೋತಾರೆ." ಅವಳ ದನಿ ಒಡೆಯಿತು. "ಅಷ್ಟೊಂದು ಕೋಪ ಯಾರ ಮೇಲೆ ಮಾವ?"

ಬಿದ್ದಯ್ಯ ಕೈ ಇಳಿಸಲು ನೋಡಿದ. ಕೈ ಇಳಿಯಿತು, ನಡುಗುವುದು ನಿಲ್ಲಲಿಲ್ಲ. ಬಲಗೈಯಿಂದ ಹಿಡಿದುಕೊಂಡ, ಆಗ ಎರಡೂ ನಡುಗಿದವು. ಸೊಸೆಯ ಭುಜದಾಚೆ ದೇವಮ್ಮ ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದಳು, ಎಷ್ಟೋ ವರ್ಷದಿಂದ ಅದನ್ನೇ ನೋಡುತ್ತ ಬಂದವಳ ಹಾಗೆ.

"ಕೋಪ ಅಲ್ಲ," ಎಂದ ಬಿದ್ದಯ್ಯ.

ಅದೂ ಗದರಿಸಿದ ಹಾಗೆಯೇ ಕೇಳಿಸಿತು. ದೇವಮ್ಮ ಕಣ್ಣು ಮುಚ್ಚಿಕೊಂಡಳು.